ಮಣೆಯ ಆಚೆ ಬದಿ

“ಮೇಷ್ಟ್ರೇ, ನಾನು ಮಾಡಿದ್ದನ್ನು ನೀವು ಒಮ್ಮೆಯೂ ಏಕೆ ನೋಡುವುದಿಲ್ಲ?” ಎಂದು ಭುವನಾ ಕೇಳಿದಳು.

ಅದು ಗುರುವಾರ ಸಂಜೆ. ಶನಿವಾರ ಅವಳ ಪಾಲಿಟೆಕ್ನಿಕ್‌ನಲ್ಲಿ ಗೇಮ್ ಜಾಮ್ ಇತ್ತು. ಬೆಳಿಗ್ಗೆ ಎಲ್ಲ ತಂಡಗಳಿಗೂ ಒಂದೇ ವಿಷಯ ಕೊಡುತ್ತಾರೆ. ಆ ವಿಷಯದ ಮೇಲೆ ಭಾನುವಾರ ಸಂಜೆಯೊಳಗೆ ಕಂಪ್ಯೂಟರಿನಲ್ಲಿ ಒಂದು ಹೊಸ ಆಟ ಕಟ್ಟಿ ಮುಗಿಸಬೇಕು. ಆಮೇಲೆ ಬಂದವರೆಲ್ಲ ಅದನ್ನು ಆಡಿ ನೋಡುತ್ತಾರೆ. ವಿಷಯ ಏನೆಂದು ಮೊದಲೇ ತಿಳಿಯುವುದಿಲ್ಲ. ಆದರೆ ಸಲಕರಣೆ ಸಿದ್ಧಮಾಡಿಟ್ಟುಕೊಳ್ಳಲು ಅಡ್ಡಿಯಿಲ್ಲ. ಭುವನಾ ಬಹಳ ದಿನಗಳಿಂದ ಅದನ್ನೇ ಮಾಡುತ್ತಿದ್ದಳು. ನಡೆಯುವ, ಓಡುವ, ಎಡವಿ ಬೀಳುವ ಬೊಂಬೆಗಳನ್ನು ಬರೆದಿಟ್ಟಿದ್ದಳು. ಹೆಜ್ಜೆಯ ಸದ್ದು, ನೀರಿನ ಸದ್ದು, ಪಾತ್ರೆ ಉರುಳಿದ ಸದ್ದು ಹಿಡಿದಿಟ್ಟಿದ್ದಳು. ಯಾವ ಆಟಕ್ಕಾದರೂ ಬೇಕಾಗುವ ಕೋಡ್ ತುಣುಕುಗಳನ್ನು ಬರೆದು, ಕೈ ಪಳಗಲೆಂದು ಸಣ್ಣ ಸಣ್ಣ ಆಟಗಳನ್ನೂ ಕಟ್ಟಿದ್ದಳು.

ಪರಮಶಿವಯ್ಯ ಮೇಷ್ಟ್ರು ಅವಳಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕಂಪ್ಯೂಟರ್ ಅವರಿಗೆ ಬಾರದು. ಆದರೆ ಲೆಕ್ಕ ತಪ್ಪಿದರೆ ಅವರು ಬೈಯುತ್ತಿರಲಿಲ್ಲ, ತಿದ್ದುತ್ತಲೂ ಇರಲಿಲ್ಲ. ತಪ್ಪಿದ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನಿರುತ್ತಿದ್ದರು. ಭುವನಾ ನಂಬಿದ್ದು ಆ ಬೆರಳನ್ನು. ಹಾಗಾಗಿ ಏನು ಮಾಡಿದರೂ ಲ್ಯಾಪ್‌ಟಾಪ್ ಎತ್ತಿಕೊಂಡು ಅವರ ಮನೆಗೆ ಬರುತ್ತಿದ್ದಳು. ಬಂದಾಗಲೆಲ್ಲ ಮೇಷ್ಟ್ರು ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದರು. ಒಂದು ಸಲವಂತೂ ಮುಚ್ಚಳವನ್ನು ತಾವೇ ಮುಚ್ಚಿ, ಅದರ ಮೇಲೆ ಮಂಡಕ್ಕಿಯ ತಟ್ಟೆ ಇಟ್ಟು, ತಿನ್ನು ಎಂದಿದ್ದರು.

ತಂಡ ಬರುತ್ತದೋ ಇಲ್ಲವೋ ಎಂಬುದನ್ನು ಶುಕ್ರವಾರ ತಿಳಿಸಬೇಕಿತ್ತು. ಜೊತೆಯ ಇಬ್ಬರು ಹುಡುಗಿಯರು ಅವಳ ಮಾತಿಗಾಗಿ ಕಾಯುತ್ತಿದ್ದರು. ಭುವನಾ ಹೆಸರು ವಾಪಸು ತೆಗೆದುಕೊಳ್ಳುವ ಮನಸ್ಸು ಮಾಡಿದ್ದಳು. ಅದನ್ನು ಮೇಷ್ಟ್ರಿಗೆ ನೇರವಾಗಿಯೇ ಹೇಳಿದಳು. ಬೇರೆ ಯಾರು ನೋಡದಿದ್ದರೂ ಅವಳಿಗೆ ಚಿಂತೆಯಿರಲಿಲ್ಲ. ಮೇಷ್ಟ್ರೇ ನೋಡುವುದಿಲ್ಲವೆಂದರೆ ಅದರಲ್ಲಿ ನೋಡುವಂಥದ್ದೇನೂ ಇಲ್ಲ ಎಂದೇ ಅರ್ಥ.

ಮೇಷ್ಟ್ರು, ಒಂದು ಕತೆ ಇದೆ, ಅದನ್ನು ಕೇಳಿ ಎದ್ದು ಹೋಗು, ಆಮೇಲೆಯೂ ಹೆಸರು ತೆಗೆಸಬೇಕೆನಿಸಿದರೆ ತೆಗೆಸು ಎಂದರು. ಕತೆಯನ್ನು ಅವರು ಹೀಗೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಮಂಚ, ಪೆಟ್ಟಿಗೆ ಮಾಡುವ ಬಡಗಿಯಲ್ಲ. ಆಟದ ಮಣೆ, ಆಟದ ಕಾಯಿ ಮಾಡುವವನು. ಅವನು ಕಡೆದು ಅರಗು ಹಚ್ಚಿದ ಕಾಯಿಯನ್ನು ಒಮ್ಮೆ ಕೈಗೆ ತೆಗೆದುಕೊಂಡವರು ಕೆಳಗಿಡಲು ತಡಮಾಡುತ್ತಿದ್ದರು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಮಾಗಿಯ ಚಳಿಯಲ್ಲಿ ಆಟ ಕಟ್ಟುವವರೆಲ್ಲ ಊರಿನ ಛತ್ರದಲ್ಲಿ ಸೇರುತ್ತಿದ್ದರು. ಬೆಳಿಗ್ಗೆ ಊರಿನ ಹಿರಿಯಜ್ಜಿ ಬಂದು ಒಂದೇ ಒಂದು ಶಬ್ದ ಹೇಳಿ ಹೋಗುತ್ತಿದ್ದಳು. ಒಂದು ವರ್ಷ ‘ಮಳೆ’ ಎಂದಳು. ಒಂದು ವರ್ಷ ‘ಹಸಿವು’ ಎಂದಳು. ಒಂದು ವರ್ಷ ‘ಅತ್ತೆ’ ಎಂದಾಗ ಛತ್ರವೆಲ್ಲ ನಕ್ಕಿತು. ಅಜ್ಜಿ ಮಾತ್ರ ನಗದೆ ಎದ್ದು ಹೋದಳು. ಆ ಶಬ್ದವನ್ನು ಹಿಡಿದು ಮಾರನೆಯ ದಿನ ದೀಪ ಹಚ್ಚುವ ಹೊತ್ತಿಗೆ ಒಂದು ಹೊಸ ಆಟ ಮಾಡಿ ಮುಗಿಸಬೇಕು.

ತೀರ್ಪು ಹೇಳುವವರು ಯಾರೂ ಇರಲಿಲ್ಲ. ದೀಪ ಹಚ್ಚಿದ ಮೇಲೆ ಊರಿನವರು ಬಂದು ತಮಗೆ ಇಷ್ಟವಾದ ಮಣೆಯ ಮುಂದೆ ಕೂರುತ್ತಿದ್ದರು. ಆಟ ಕಟ್ಟಿದವನು ನಿಯಮವನ್ನು ಒಂದು ಸಲ ಹೇಳಿ ಕಂಬದ ಹತ್ತಿರ ಹೋಗಿ ನಿಲ್ಲಬೇಕು. ಆಮೇಲೆ ಬಾಯಿ ಬಿಡುವಂತಿಲ್ಲ. ಯಾವ ಮಣೆಯ ಮುಂದಿನಿಂದ ಜನ ಎಲ್ಲರಿಗಿಂತ ಕೊನೆಯಲ್ಲಿ ಏಳುತ್ತಾರೋ ಅದೇ ಆ ವರ್ಷದ ಆಟ. ವರ್ಷವಿಡೀ ಊರಿನ ಜಗಲಿಗಳಲ್ಲಿ ಅದನ್ನೇ ಆಡುತ್ತಿದ್ದರು. ಅದರ ಮಣೆಗಳನ್ನು ಅವನ ಕೈಯಲ್ಲೇ ಮಾಡಿಸುತ್ತಿದ್ದರು.

ಈ ಬಡಗಿಯ ಮಣೆಯ ಮುಂದೆ ಕೂತವರು ಬೇಗ ಏಳುತ್ತಿರಲಿಲ್ಲ. ಹೆಚ್ಚಿನ ವರ್ಷಗಳಲ್ಲಿ ಊರಿನ ಆಟ ಅವನದೇ ಆಗುತ್ತಿತ್ತು. ಅದು ತನ್ನ ಕೈಯ ಗುಣ ಎಂದು ಅವನು ತಿಳಿದಿದ್ದ. ಕೈ ಒಳ್ಳೆಯದೇ ಆಗಿತ್ತು, ಸುಳ್ಳಲ್ಲ.

ಅವನಿಗೆ ಒಬ್ಬ ಹೆಂಡತಿ ಇದ್ದಳು. ಎರಡನೆಯ ದಿನ ಮಧ್ಯಾಹ್ನ ಅವಳು ಛತ್ರಕ್ಕೆ ಬುತ್ತಿ ತರುತ್ತಿದ್ದಳು. ಅವನು ಉಂಡು ಕೈ ತೊಳೆದು ಬರುವಷ್ಟರಲ್ಲಿ ಅವಳು ಮಣೆಯ ಆಚೆ ಬದಿಯಲ್ಲಿ ಕೂತಿರುತ್ತಿದ್ದಳು. ಅವನು ನಿಯಮ ಹೇಳುತ್ತಿದ್ದ. ಅವಳು ತಲೆಯಾಡಿಸಿ, ಮೊದಲ ನಡೆಯಲ್ಲೇ ತಪ್ಪು ಮನೆಗೆ ಕಾಯಿ ನಡೆಸುತ್ತಿದ್ದಳು. ಇದು ಯಾಕೆ ಇಲ್ಲಿ ನಿಂತಿದೆ ಎಂದು ಕೇಳುತ್ತಿದ್ದಳು. ಈ ಕಾಯಿ ನನ್ನದೋ ನಿಮ್ಮದೋ ಎಂದು ಕೇಳುತ್ತಿದ್ದಳು. ಅವನು ಮತ್ತೆ ಹೇಳಿದರೆ ಮತ್ತೆ ಅದೇ ತಪ್ಪು ಮಾಡುತ್ತಿದ್ದಳು. ಸೋತು, ಸೋತದ್ದು ಏಕೆಂದು ತಿಳಿಯದೆ, ಸೆರಗು ಕೊಡವಿ ಎದ್ದು ಪಾತ್ರೆ ಎತ್ತಿಕೊಂಡು ಮನೆಗೆ ಹೋಗುತ್ತಿದ್ದಳು. ಇಷ್ಟು ವರ್ಷ ನನ್ನ ಜೊತೆ ಬಾಳಿ ಇವಳ ತಲೆಗೆ ಇಷ್ಟೂ ಹತ್ತಲಿಲ್ಲವಲ್ಲ ಎಂದು ಗೊಣಗಿಕೊಂಡೇ ಬಡಗಿ ಉಳಿ ತೆಗೆದುಕೊಂಡು, ಅವಳು ಎಡವಿದ ಕಡೆಯಲ್ಲೆಲ್ಲ ಒಂದಿಷ್ಟು ತಿದ್ದುತ್ತಿದ್ದ.

ಅವನಿಗೆ ಅವಳ ಮೇಲೆ ಇನ್ನೊಂದು ದೂರೂ ಇತ್ತು. ಮನೆಯ ಹಿಂದೆಯೇ ಅವನ ಕೆಲಸದ ಕೊಟ್ಟಿಗೆ. ಅವಳು ಅದರ ಹೊಸ್ತಿಲು ದಾಟುತ್ತಿರಲಿಲ್ಲ. ಹೊಸ ಕಾಯಿ ಕಡೆದು, ಬಾ ನೋಡು ಎಂದು ಅವನು ಕೂಗಿದರೆ, ಒಲೆಯ ಮೇಲೆ ಹಾಲಿದೆ ಎಂದು ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಕೈಯಲ್ಲಿ ಹಿಡಿದುಕೊಂಡು ಅವನೇ ಒಳಗೆ ಬಂದರೆ, ಹೊಗೆ ಕಣ್ಣಿಗೆ ಹೋಯಿತೆಂದು ಮುಖ ಆಚೆ ಮಾಡುತ್ತಿದ್ದಳು. ಎದುರುಮನೆಯ ಬಳೆಗಾರ ಬಂದು ನೋಡಿ ಹೊಗಳುತ್ತಿದ್ದ. ದಾರಿಯಲ್ಲಿ ಹೋಗುವವರು ಇಣುಕಿ ಹೊಗಳುತ್ತಿದ್ದರು. ಮನೆಯವಳೊಬ್ಬಳು ಮಾತ್ರ ನೋಡುತ್ತಿರಲಿಲ್ಲ. ಒಮ್ಮೆ ಮದುವೆಮನೆಯ ಪಂಕ್ತಿಯಲ್ಲಿ, ನಮ್ಮ ಮನೆಯಲ್ಲಿ ಗಂಡನ ಮಣೆಗಿಂತ ರೊಟ್ಟಿಯ ಮಣೆಗೇ ಮರ್ಯಾದೆ ಎಂದು ಅವನು ಎಲ್ಲರೂ ಕೇಳುವಂತೆ ಹೇಳಿಬಿಟ್ಟ. ನೆಂಟರು ನಕ್ಕರು. ಬಡಿಸುತ್ತಿದ್ದ ಅವಳೂ ನಕ್ಕಳು. ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

ಒಂದು ವರ್ಷ ಮಳೆಗಾಲದ ಕೊನೆಯಲ್ಲಿ ಅವಳಿಗೆ ಜ್ವರ ಬಂತು. ಕೆಲವು ದಿನ ಮಲಗಿದ್ದು ತೀರಿಕೊಂಡಳು.

ಬಡಗಿ ಅವಳ ಊಟದ ತಟ್ಟೆಯನ್ನು ಅಟ್ಟಕ್ಕೆ ಹಾಕಲಿಲ್ಲ. ತನ್ನದರ ಪಕ್ಕದಲ್ಲೇ ಇಟ್ಟಿದ್ದ. ತನ್ನದನ್ನು ತೊಳೆಯುವಾಗ ಅದನ್ನೂ ತೊಳೆಯುತ್ತಿದ್ದ. ಕೊಳೆಯಾಗದ ತಟ್ಟೆಯನ್ನು ತೊಳೆಯುವುದು ಏಕೆಂದು ಯಾರೂ ಕೇಳಲಿಲ್ಲ, ಏಕೆಂದರೆ ಯಾರೂ ನೋಡಲಿಲ್ಲ.

ಮಾಗಿ ಹತ್ತಿರ ಬಂತು. ವರ್ಷ ತುಂಬುವವರೆಗೆ ಛತ್ರಕ್ಕೆ ಹೋಗುವುದು ಬೇಡ ಎಂದು ಹಿರಿಯರು ಹೇಳಿದರು. ಅದು ಹಬ್ಬವಲ್ಲ, ಕೆಲಸ ಎಂದು ಅವನು ಉತ್ತರ ಕೊಟ್ಟ. ಅವನಿಗೆ ಒಂದು ವಿಷಯ ಗೊತ್ತಾಗಬೇಕಿತ್ತು. ಆ ಮನೆಯಲ್ಲಿ ಇನ್ನು ಉಳಿದದ್ದು ಅವನ ಕೈಯ ವಿದ್ಯೆ ಒಂದೇ. ಅದೂ ಹೋಗಿದೆಯೋ ಇನ್ನೂ ಇದೆಯೋ ಎಂದು ಛತ್ರದಲ್ಲಿ ತಿಳಿಯುತ್ತದೆ. ಹೋಗಿದ್ದರೆ ಉಳಿ ಕೆಳಗಿಡುವುದು ಎಂದು ನಿಶ್ಚಯಿಸಿದ.

ಹಿಂದೆ ಯಾವ ವರ್ಷವೂ ಮಾಡದಂಥ ಸಿದ್ಧತೆಯನ್ನು ಆ ವರ್ಷ ಮಾಡಿದ. ಒಣಗಿದ ಹಲಗೆಗಳನ್ನು ಆರಿಸಿ, ಕೀಸಿ, ಎಣ್ಣೆ ಹಚ್ಚಿ ಇಟ್ಟ. ಯಾವ ಶಬ್ದ ಬಂದರೂ ಬೇಕಾದೀತು ಎಂದು ಚೌಕದ ಮನೆಗಳ ಮಣೆ, ದುಂಡು ಮನೆಗಳ ಮಣೆ, ಗುಳಿಗಳ ಮಣೆ ಎಲ್ಲವನ್ನೂ ಅರ್ಧರ್ಧ ಕೊರೆದು ಇಟ್ಟುಕೊಂಡ. ಎಲ್ಲ ಬಣ್ಣದ ಕಾಯಿಗಳನ್ನು ಕಡೆದ. ಕವಡೆಗಳನ್ನು ಎಸೆದೆಸೆದು ನೋಡಿ, ಒಂದೇ ಮಗ್ಗುಲಿಗೆ ಬೀಳುವವನ್ನು ಬೇರೆ ಮಾಡಿದ. ಪ್ರತಿ ವರ್ಷ ಎರಡನೆಯ ಮಧ್ಯಾಹ್ನ ಅವಳ ಪ್ರಶ್ನೆಗಳಿಗೆ ಉತ್ತರ ಹೇಳುವುದರಲ್ಲೇ ಹೊತ್ತು ಹೋಗುತ್ತಿತ್ತು. ಈ ಸಲ ಆ ಹೊತ್ತು ಉಳಿಯುತ್ತದೆ ಎಂಬ ಯೋಚನೆಯೂ ಬಂತು. ಬಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಆದರೂ ಲೆಕ್ಕ ಸರಿಯಾಗಿಯೇ ಇತ್ತು.

ಅವಳ ಜಾಗಕ್ಕೆ ಅವನು ಬಳೆಗಾರನನ್ನು ಕರೆದ. ಪಗಡೆಯಲ್ಲಿ ಬಳೆಗಾರನನ್ನು ಸೋಲಿಸಿದವರು ಆ ಊರಿನಲ್ಲಿ ಇರಲಿಲ್ಲ. ಅವನು ದಿನವೂ ಕೊಟ್ಟಿಗೆಗೆ ಬಂದು, ಮರದ ದಿಮ್ಮಿಯ ಮೇಲೆ ಕೂತು, ಅಡಿಕೆ ಅಗಿಯುತ್ತಾ, ಒಂದೊಂದು ಕಾಯಿಯನ್ನೂ ಎತ್ತಿ ನೋಡಿ ಅಭಿಪ್ರಾಯ ಹೇಳುತ್ತಿದ್ದ. ಅವನಿಗೆ ಯಾವುದನ್ನೂ ಎರಡನೆಯ ಸಲ ಹೇಳಬೇಕಾಗಿರಲಿಲ್ಲ. ಎಂಥ ಸುಖ ಎಂದು ಬಡಗಿಗೆ ಅನಿಸಿತು.

ಮಾಗಿಯ ಆ ಬೆಳಿಗ್ಗೆ ಅಜ್ಜಿ ಬಂದು ‘ಬಾಗಿಲು’ ಎಂದಳು.

ಬಡಗಿಗೆ ಆಟ ಕೂಡಲೇ ಹೊಳೆಯಿತು. ಮಣೆಯ ನಡುವೆ ಅಡ್ಡಲಾಗಿ ಒಂದು ಸಾಲು ಬಾಗಿಲುಗಳು. ಬಾಗಿಲೆಂದರೆ ಬೆರಳುದ್ದದ ಚಪ್ಪಟೆ ಕಾಯಿಗಳು. ನಿಂತಿದ್ದರೆ ಬಾಗಿಲು ಮುಚ್ಚಿದೆ, ಮಲಗಿಸಿದರೆ ತೆರೆದಿದೆ. ಇಬ್ಬರು ಆಟಗಾರರೂ ತಮ್ಮ ಕಾಯಿಗಳನ್ನು ಈಚೆಯಿಂದ ಆಚೆಗೆ ದಾಟಿಸಬೇಕು. ತನಗಾಗಿ ತೆರೆದ ಬಾಗಿಲಿನಲ್ಲಿ ಎದುರಾಳಿಯೂ ನುಗ್ಗಬಹುದು. ಅವನಿಗೆ ಮುಚ್ಚಿದರೆ ತನಗೂ ಮುಚ್ಚುತ್ತದೆ. ಬಳೆಗಾರ ಪಕ್ಕದಲ್ಲಿ ಕೂತು ಕೇಳಿದ. ಭೇಷ್ ಎಂದ. ಎರಡನೆಯ ದಿನ ಹೊತ್ತು ನೆತ್ತಿಗೆ ಬರುವ ಮೊದಲೇ ಮಣೆ ಸಿದ್ಧವಾಯಿತು. ಛತ್ರದಲ್ಲಿ ಬೇರೆ ಯಾರದೂ ಅರ್ಧಕ್ಕೆ ಬಂದಿರಲಿಲ್ಲ.

ಮಧ್ಯಾಹ್ನ ಅವನ ನಾದಿನಿ, ಎಂದರೆ ಹೆಂಡತಿಯ ತಂಗಿ, ಬುತ್ತಿ ತಂದಳು. ಅವಳ ಮನೆ ಅದೇ ಊರಿನಲ್ಲಿ. ಬಡಗಿ ಉಣ್ಣುವವರೆಗೆ ಕೂತಿದ್ದು, ಮಣೆಯ ಕಡೆ ನೋಡಿ ಏನನ್ನೋ ಹೇಳಲು ಹೊರಟಳು. ಅಷ್ಟರಲ್ಲಿ ಬಳೆಗಾರ ಮಣೆಯ ಆಚೆ ಬದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪಾತ್ರೆ ಆಮೇಲೆ ತಲುಪಿಸುತ್ತೇವೆ, ನೀವು ಹೊರಡಿ ತಾಯಿ ಎಂದ. ಅವಳು ಹೊರಟುಹೋದಳು. ಇಬ್ಬರೂ ಆಡಿದರು. ಒಂದಾಟ ಬಡಗಿ ಗೆದ್ದ, ಒಂದಾಟ ಬಳೆಗಾರ. ಆಟ ಎಲ್ಲಿಯೂ ನಿಲ್ಲಲಿಲ್ಲ, ಯಾರೂ ಎಡವಲಿಲ್ಲ. ಉಳಿದ ಹೊತ್ತಿನಲ್ಲಿ ಬಡಗಿ ಕಾಯಿಗಳಿಗೆ ಇನ್ನೊಂದು ಸುತ್ತು ಅರಗು ಹಚ್ಚಿ ಹೊಳಪು ಕೊಟ್ಟ.

ದೀಪ ಹಚ್ಚಿದರು. ಜನ ಬಂದರು. ಹೆಸರು ಇದ್ದುದರಿಂದ ಮೊದಲು ಅವನ ಮಣೆಯ ಸುತ್ತಲೇ ನೆರೆದರು. ಅವನು ನಿಯಮ ಹೇಳಿದ. ಎಲ್ಲರೂ ತಲೆಯಾಡಿಸಿದರು. ಅವನು ಹೋಗಿ ಕಂಬದ ಹತ್ತಿರ ನಿಂತ.

ಒಬ್ಬ ಮುದುಕನೂ ಒಬ್ಬ ಹೆಂಗಸೂ ಎದುರುಬದುರು ಕೂತರು. ಮುದುಕ ಒಂದು ಬಾಗಿಲು ಮಲಗಿಸಿ ತನ್ನ ಕಾಯಿ ದಾಟಿಸಿದ. ದಾಟಿಸಿದ ಮೇಲೆ, ಮಲಗಿದ್ದ ಬಾಗಿಲನ್ನು ಎತ್ತಿ ಮಣೆಯ ಹೊರಗಿಟ್ಟ. ಹೆಂಗಸು ಏನೂ ಅನ್ನಲಿಲ್ಲ. ತಾನೂ ಒಂದನ್ನು ಮಲಗಿಸಿ, ದಾಟಿ, ಎತ್ತಿ ಹೊರಗಿಟ್ಟಳು. ಆ ಊರಿನಲ್ಲಿ ಆಡುತ್ತಿದ್ದ ಎಲ್ಲ ಆಟಗಳಲ್ಲೂ ಮಲಗಿದ ಕಾಯಿ ಎಂದರೆ ಸತ್ತ ಕಾಯಿ. ಸತ್ತ ಕಾಯಿಯನ್ನು ಮಣೆಯ ಮೇಲೆ ಬಿಡುವುದಿಲ್ಲ. ಕಿವಿ ಹೊಸ ನಿಯಮವನ್ನು ಕೇಳಿಸಿಕೊಂಡಿತ್ತು, ಕೈ ಕೇಳಿಸಿಕೊಂಡಿರಲಿಲ್ಲ.

ಬಡಗಿ ಕಂಬವನ್ನು ಹಿಡಿದುಕೊಂಡು ನೋಡಿದ. ಬಾಯಿ ಬಿಡುವಂತಿರಲಿಲ್ಲ. ಒಂದೊಂದಾಗಿ ಬಾಗಿಲುಗಳೆಲ್ಲ ಮಣೆಯ ಹೊರಗೆ ಹೋದವು. ಆಮೇಲೆ ಕಾಯಿ ದಾಟಿಸಲು ಯಾವ ತಡೆಯೂ ಉಳಿಯಲಿಲ್ಲ. ಆಟ ಮುಗಿಯಿತೋ ಇನ್ನೂ ಇದೆಯೋ ತಿಳಿಯದೆ ಇಬ್ಬರೂ ಅವನ ಮುಖ ನೋಡಿದರು. ಹೆಂಗಸು ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು, ಕೆಲಸ ಬಹಳ ಚೆನ್ನಾಗಿದೆ, ಬೆಣ್ಣೆ ಮುಟ್ಟಿದ ಹಾಗಿದೆ ಎಂದು ಹೇಳಿ ಎದ್ದಳು. ಅವಳ ಹಿಂದೆ ಉಳಿದವರೂ ಎದ್ದರು. ಮೂಲೆಯಲ್ಲಿ ಒಬ್ಬ ಕುಂಬಾರ ಸೊಟ್ಟಗಿನ ಮಣ್ಣಿನ ಬಿಲ್ಲೆಗಳಿಂದ ಮಾಡಿದ ಆಟದ ಸುತ್ತ ಜನ ಸೇರಿ, ನೀನು ಬಾಗಿಲು ಹಾಕಿದೆ, ನಾನು ಹಾಕಲಿಲ್ಲ ಎಂದು ಜಗಳವಾಡುತ್ತಾ ಎರಡು ಸಲ ದೀಪಕ್ಕೆ ಎಣ್ಣೆ ಹಾಕಿಸಿದರು.

ಜನಕ್ಕೆ ಬುದ್ಧಿ ಇಲ್ಲ ಎಂದು ಬಳೆಗಾರ ಸಮಾಧಾನ ಹೇಳಿದ. ಬಡಗಿ ಮಣೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಹೋದ.

ಮಾರನೆಯ ಬೆಳಿಗ್ಗೆ ಬುತ್ತಿಯ ಪಾತ್ರೆ ಹಿಂದಿರುಗಿಸಲು ನಾದಿನಿಯ ಮನೆಗೆ ಹೋದ. ಜಗಲಿಯ ಮೇಲೆ ಕೂತು, ಇನ್ನು ಮಣೆ ಮಾಡುವುದಿಲ್ಲ, ಮಂಚ ಮಾಡುತ್ತೇನೆ ಎಂದ. ಅವಳು ನೀರು ತಂದುಕೊಟ್ಟಳು. ನೀರು ಕುಡಿದು ಕೂತವನಿಗೆ ಹಳೆಯ ದೂರೇ ಬಾಯಿಗೆ ಬಂತು. ನಿಮ್ಮಕ್ಕ ಇದ್ದಾಗಲಾದರೂ ಯಾವ ಸುಖವಿತ್ತು, ಮೊದಲ ವರ್ಷ ಬಿಟ್ಟರೆ ಒಂದು ದಿನವೂ ಕೊಟ್ಟಿಗೆಗೆ ಬಂದು ಇದೇನು ಮಾಡುತ್ತಿದ್ದೀರಿ ಎಂದು ಕೇಳಿದವಳಲ್ಲ, ಕರೆದಾಗಲೆಲ್ಲ ಒಲೆಯ ಮೇಲೆ ಹಾಲು ಎಂದ.

ನಾದಿನಿ ಬಾಗಿಲವಾಡಕ್ಕೆ ಒರಗಿ ನಿಂತಿದ್ದವಳು ಕೆಳಗೆ ಕೂತಳು.

“ಭಾವ, ನಿಮ್ಮ ಮನೆಗೆ ಹಾಲು ಬರುತ್ತಿದ್ದದ್ದು ಬೆಳಿಗ್ಗೆ. ಬೆಳಿಗ್ಗೆಯೇ ಕಾಯಿಸಿ ಹೆಪ್ಪು ಹಾಕುತ್ತಿದ್ದಳು. ಮೂರುಹೊತ್ತೂ ಒಲೆಯ ಮೇಲೆ ಹಾಲು ಇರಲು ಅವಳೇನು ಎಮ್ಮೆ ಕಟ್ಟಿದ್ದಳೇ?”

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು.

ಮದುವೆಯಾಗಿ ಬಂದ ಮೊದಲ ವರ್ಷ ಅಕ್ಕ ಆ ಕೊಟ್ಟಿಗೆಯಲ್ಲೇ ಇರುತ್ತಿದ್ದಳು. ಅರಗು ಕಾಯಿಸಿ ಕೊಡುತ್ತಿದ್ದಳು, ಹೊಟ್ಟು ಗುಡಿಸುತ್ತಿದ್ದಳು, ಗಂಡ ಯಾವ ಕಾಯಿಯನ್ನು ಏತಕ್ಕಾಗಿ ಕಡೆಯುತ್ತಾನೆಂದು ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದಳು. ಆ ಮಾಗಿಯಲ್ಲಿ ಛತ್ರಕ್ಕೆ ಬುತ್ತಿ ತಂದು ಆಡಲು ಕೂತಾಗ ಒಂದೂ ತಪ್ಪು ಮಾಡಲಿಲ್ಲ. ಗಂಡ ಬಹಳ ಸಂತೋಷಪಟ್ಟ. ಸಂಜೆ ಊರಿನವರು ಕೂತ ಹಾಗೆಯೇ ಎದ್ದುಬಿಟ್ಟರು. ಅದು ಬಡಗಿಗೂ ನೆನಪಿತ್ತು. ಆ ವರ್ಷ ಮರ ಹಸಿಯಾಗಿತ್ತೆಂದು ಅವನು ಮರವನ್ನು ಬೈದಿದ್ದ. ಅವಳು ಮರವನ್ನು ಬೈದಿರಲಿಲ್ಲ. ಊರಿನ ಹೆಂಗಸರು ಎಡವಿದ್ದು ಎಲ್ಲಿ ಎಂದು ನಿಂತು ನೋಡಿದ್ದಳು. ಮೊದಲೇ ಗೊತ್ತಿದ್ದುದರಿಂದ ತಾನು ಅಲ್ಲಿ ಎಡವದೆ ಬಂದೆ ಎಂದು ಅವಳಿಗೆ ತಿಳಿಯಿತು.

“ಒಂದು ಸಲ ತಿಳಿದುಬಿಟ್ಟರೆ ತಿಳಿಯದ ಹಾಗೆ ಮಾಡಿಕೊಳ್ಳಲು ಆಗುವುದಿಲ್ಲ ಕಣೇ,” ಎಂದು ತಂಗಿಗೆ ಹೇಳಿದ್ದಳು. “ಹೊಗಳಲು ಅವರಿಗೆ ಊರೆಲ್ಲ ಇದೆ. ಎದುರು ಕೂತು ತಿಳಿಯಲಿಲ್ಲ ಅನ್ನಲು ಯಾರಿದ್ದಾರೆ?”

ಅಂದಿನಿಂದ ಅವಳು ಕೊಟ್ಟಿಗೆಯ ಕಡೆ ಹೋಗಲಿಲ್ಲ. ಬಾವಿಗೆ ಹೋಗುವ ಹತ್ತಿರದ ದಾರಿ ಕೊಟ್ಟಿಗೆಯ ಕಿಟಕಿಯ ಕೆಳಗಿತ್ತು; ತುಂಬಿದ ಕೊಡ ಹೊತ್ತು ಹಿಂದಿನ ಓಣಿಯನ್ನು ಸುತ್ತಿಕೊಂಡು ಬರುತ್ತಿದ್ದಳು. ಬಳೆಗಾರನ ಹೆಂಡತಿ ಹೊಸ ಮಣೆಯ ಮಾತು ಎತ್ತಿದರೆ ಎದ್ದು ಬರುತ್ತಿದ್ದಳು. ಅವಳಿಗೆ ನೋಡುವ ಆಸೆ ಇರಲಿಲ್ಲ ಎಂದಲ್ಲ. ಛತ್ರದ ಎರಡು ದಿನ ಮುಗಿದ ಮೇಲೆ ಆ ವರ್ಷದ ಆಟವನ್ನು ತಂಗಿಯ ಜಗಲಿಯಲ್ಲಿ ಕೂತು ವರ್ಷವಿಡೀ ಆಡುತ್ತಿದ್ದಳು. ಓಣಿಯ ಹೆಂಗಸರನ್ನೆಲ್ಲ ಸೋಲಿಸುತ್ತಿದ್ದಳು ಎನ್ನುವಷ್ಟರಲ್ಲಿ ನಾದಿನಿಗೇ ನಗು ಬಂತು. ಬಳೆಗಾರನನ್ನೇ ಒಂದು ಸಲ ಸೋಲಿಸಿದಳು, ಅವನು ಮರ್ಯಾದೆಗೆ ಅಂಜಿ ಯಾರಿಗೂ ಹೇಳಿಲ್ಲ ಎಂದಳು.

ಅವಳು ಗೆಲ್ಲಬಲ್ಲಳು ಎಂಬುದು ಬಡಗಿಗೆ ಗೊತ್ತಿರಲಿಲ್ಲ.

ಹಾಗಾದರೆ ನನಗೆ ಏಕೆ ಹೇಳಲಿಲ್ಲ ಎಂದು ಕೇಳಿದ. ಅದನ್ನು ತಾನೂ ಕೇಳಿದ್ದೆ ಎಂದಳು ನಾದಿನಿ. ಹೇಳಿದರೆ ತಿಳಿಯಲಿಲ್ಲ ಎಂದಾಗಲೆಲ್ಲ ಇದು ನಟನೆ ಎಂದುಕೊಳ್ಳುತ್ತಾರೆ, ಆಮೇಲೆ ತಿದ್ದುವುದಿಲ್ಲ. ಅದಕ್ಕಿಂತ ದಡ್ಡಿ ಅನ್ನಿಸಿಕೊಳ್ಳುವುದೇ ವಾಸಿ ಎಂದಿದ್ದಳಂತೆ.

ಜಗಲಿಯಲ್ಲಿ ಆಡುತ್ತಿದ್ದ ಮಣೆಯನ್ನು ಬಡಗಿ ತರಿಸಿ ನೋಡಿದ. ತಾನೇ ಮಾಡಿದ ಮಣೆ. ಅವಳು ಕೈ ಊರುತ್ತಿದ್ದ ಬದಿಯಲ್ಲಿ ಅರಗು ಸವೆದು ಮರ ಕಾಣುತ್ತಿತ್ತು. ಹೊಸ ಅರಗು ಹಚ್ಚಿಕೊಡಲೇ ಎಂದು ಕೇಳಿದ. ನಾದಿನಿ ಬೇಡವೆಂದಳು. ಅವನೂ ಬಲವಂತ ಮಾಡಲಿಲ್ಲ.

ಅವನು ಉಳಿ ಕೆಳಗಿಡಲಿಲ್ಲ. ಮುಂದಿನ ಮಾಗಿಗೆ ಮೊದಲು ಕೊಟ್ಟಿಗೆಯ ಕಿಟಕಿಗೆ ಒಂದು ಹಲಗೆ ಹೊಡೆದ. ಬಳೆಗಾರನನ್ನು ಹೊಸ್ತಿಲಲ್ಲೇ ತಡೆದ. ಇಷ್ಟು ವರ್ಷದ ಸ್ನೇಹಕ್ಕೆ ಇದೇ ಬೆಲೆಯೇ ಎಂದು ಬಳೆಗಾರ ಮುನಿಸಿಕೊಂಡು, ಎದುರುಮನೆಯಲ್ಲಿದ್ದೂ ಬಹಳ ದಿನ ಇಲ್ಲದವನ ಹಾಗೆ ಇದ್ದ. ಛತ್ರಕ್ಕೆ ಹೋಗುವಾಗ ಬಡಗಿ ಹೆಚ್ಚೇನೂ ಒಯ್ಯಲಿಲ್ಲ. ಎರಡನೆಯ ದಿನ ಮಧ್ಯಾಹ್ನ, ಆಟ ಇನ್ನೂ ಒರಟಾಗಿರುವಾಗಲೇ, ಹೊರಗೆ ಬಂದು ರಸ್ತೆಯಲ್ಲಿ ನಿಂತ. ಬೇರೆ ಊರಿನ ಕಂಬಳಿ ವ್ಯಾಪಾರಿಯೊಬ್ಬ ಹೊರೆ ಹೊತ್ತು ಹೋಗುತ್ತಿದ್ದ. ಬಡಗಿ ಅವನನ್ನು ನಿಲ್ಲಿಸಿ, ಒಂದು ಗಳಿಗೆ ಒಳಗೆ ಬಂದು ಕೂರಬೇಕೆಂದು ಕೇಳಿಕೊಂಡ. ವ್ಯಾಪಾರಿ, ತನಗೆ ಹೊತ್ತಾಗುತ್ತದೆ, ಮೇಲಾಗಿ ಈ ಮಣೆಯಾಟಗಳೆಲ್ಲ ತನಗೆ ಬಾರವು ಎಂದ. ಬಡಗಿ ಅವನ ಹೊರೆಯನ್ನು ತಾನೇ ಇಳಿಸಿಕೊಂಡ.

ವ್ಯಾಪಾರಿ ಕೂತ. ನಿಯಮ ಕೇಳಿದ. ತಲೆಯಾಡಿಸಿದ. ಕೈ ಚಾಚಿ ಎತ್ತಬಾರದ ಕಾಯಿಯನ್ನು ಎತ್ತಿದ. ಅದಲ್ಲ ಎನ್ನಲು ಬಡಗಿ ಬಾಯಿ ತೆರೆದ. ಹಾಗೆಯೇ ಮುಚ್ಚಿಕೊಂಡ. ಆ ಕೈಯನ್ನೇ ನೋಡುತ್ತಾ ಕೂತ.

ಕತೆ ಅಲ್ಲಿಗೆ ನಿಂತಿತು. ಆ ವರ್ಷ ಜನ ಅವನ ಮಣೆಯ ಮುಂದೆ ಕೂತರೇ ಎಂದು ಭುವನಾ ಕೇಳಿದಳು. ತನಗೆ ಕತೆ ಹೇಳಿದವರು ಅದನ್ನು ಹೇಳಲಿಲ್ಲ ಎಂದರು ಮೇಷ್ಟ್ರು.

ಭುವನಾಳ ಮನಸ್ಸಿನ ನೋವು ಇನ್ನೂ ಹೋಗಿರಲಿಲ್ಲ. ಕತೆ ಬಡಗಿಯದಾಯಿತು, ತಾನು ಕೇಳಿದ್ದು ಮೇಷ್ಟ್ರ ವಿಷಯ. ನಾಳೆ ತಂಡದವರಿಗೆ ಏನು ಹೇಳಲಿ ಎಂದು ಕೇಳಿ, ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧ ಎತ್ತಿದಳು. ಮೇಷ್ಟ್ರು ಮುಖವನ್ನು ಬೀದಿಯ ಕಡೆಗೆ ತಿರುಗಿಸಿಕೊಂಡರು. ಹಾಗೆ ತಿರುಗಿಕೊಂಡೇ ಅವರು ಹೇಳಿದ್ದು ಒಂದೇ ಮಾತು. ಅದನ್ನು ಕೇಳಿ ಅವಳು ಎತ್ತಿದ್ದ ಮುಚ್ಚಳವನ್ನು ತಾನೇ ಮುಚ್ಚಿದಳು.

“ಭಾನುವಾರ ಊಟವಾದ ಮೇಲೆ ಕರೆ, ಬಂದು ಸೋಲುತ್ತೇನೆ.”